ಅನಿಲ ಬಾಯ್ಲರಿನ ಕೊಳವೆ ಜೋಡಣೆ

ಅನಿಲ ಬಾಯ್ಲರಿನ ಕೊಳವೆ ಜೋಡಣೆ ಎಂದರೆ ನೈಸರ್ಗಿಕ ಅನಿಲವನ್ನಾಗಲಿ ಎಲ್‌ಪಿಜಿಯನ್ನಾಗಲಿ ಮೀಟರ್, ಸಿಲಿಂಡರ್ ಸಾಲು ಅಥವಾ ದಾಸ್ತಾನು ಟ್ಯಾಂಕಿನಿಂದ ಬಾಯ್ಲರಿನ ಬರ್ನರಿನವರೆಗೆ ನಿಗದಿತ ಒತ್ತಡದಲ್ಲಿ, ಸೋರದಂತೆ ಒಯ್ಯುವ ಕೊಳವೆ, ವಾಲ್ವ್, ರೆಗ್ಯುಲೇಟರ್ ಮತ್ತು ಸುರಕ್ಷಾ ಸಾಧನಗಳ ವ್ಯವಸ್ಥೆ. ಅದನ್ನು ಕಟ್ಟಿ, ಪರೀಕ್ಷಿಸಿ, ಚಾಲನೆಗೆ ಒಪ್ಪಿಸುವ ಕೆಲಸವೂ ಇದರಲ್ಲಿ ಸೇರುತ್ತದೆ. ಈ ಲೇಖನದಲ್ಲಿ ಬಾಯ್ಲರ್ ಎಂದರೆ ನೀರನ್ನು ಕಾಯಿಸುವ ಮತ್ತು ಹಬೆ ಮಾಡುವ ಎರಡೂ ಬಗೆಯ ಯಂತ್ರಗಳು. ಅನಿಲ ಎಂದಷ್ಟೇ ಹೇಳಿದಲ್ಲಿ ಎರಡೂ ಇಂಧನಗಳಿಗೆ ಅನ್ವಯವಾಗುತ್ತದೆ.

ಒಲೆಗೆ ಅನಿಲ ತರುವ ಕೊಳವೆಗೂ ಬಾಯ್ಲರಿಗೆ ತರುವ ಕೊಳವೆಗೂ ತತ್ತ್ವದಲ್ಲಿ ಭೇದವಿಲ್ಲ, ಪ್ರಮಾಣದಲ್ಲಿ ಬಹಳ ಅಂತರವಿದೆ. ಅಡುಗೆಮನೆಯ ಒಂದು ದೊಡ್ಡ ಬರ್ನರ್ ಉರಿಸುವುದು ಸುಮಾರು 2ರಿಂದ 3 ಕಿಲೋವಾಟ್. ಬ್ರಿಟನ್ನಿನ ಮನೆಗಳಲ್ಲಿ ಗೋಡೆಗೆ ತೂಗುಹಾಕುವ ಬಾಯ್ಲರ್ ಸಾಮಾನ್ಯವಾಗಿ 24ರಿಂದ 30 ಕಿಲೋವಾಟಿನದು. ಗಂಟೆಗೆ 1 ಟನ್ ಹಬೆ ಕೊಡುವ ಕಾರ್ಖಾನೆಯ ಬಾಯ್ಲರಿಗೆ ಸುಮಾರು 700 ಕಿಲೋವಾಟ್ ಇಂಧನ ಬೇಕು. ಒಲೆಯ ಮುಂದೆ ಯಾರಾದರೂ ನಿಂತಿರುತ್ತಾರೆ. ಬಾಯ್ಲರ್ ಮುಚ್ಚಿದ ಕೋಣೆಯಲ್ಲಿ ತಾನೇ ಹೊತ್ತಿಕೊಂಡು ತಾನೇ ಆರುತ್ತದೆ. ಆದ್ದರಿಂದ ಮನುಷ್ಯನ ಕಣ್ಣು, ಮೂಗು ಮಾಡುವ ಕೆಲಸವನ್ನು ಇಲ್ಲಿ ಸಾಧನಗಳು ಮಾಡಬೇಕಾಗುತ್ತದೆ.

ಹಿನ್ನೆಲೆ

ಕಟ್ಟಡದೊಳಗೆ ಕೊಳವೆಯ ಮೂಲಕ ಅನಿಲ ತಂದು ಉರಿಸುವ ಪದ್ಧತಿ ದೀಪದಿಂದ ಆರಂಭವಾಯಿತು. ವಿಲಿಯಂ ಮರ್ಡಾಕ್ 1792ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ರೆಡ್‌ರುತ್‌ನಲ್ಲಿ ಕಲ್ಲಿದ್ದಲನ್ನು ಕಾಯಿಸಿ ಬಂದ ಅನಿಲದಿಂದ ತನ್ನ ಮನೆಗೆ ಬೆಳಕು ಮಾಡಿದ. 1812ರಲ್ಲಿ ಲಂಡನ್ನಿನಲ್ಲಿ ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪನಿ ಸ್ಥಾಪನೆಯಾಗಿ, ನೆಲದಡಿಯ ಕೊಳವೆಗಳಿಂದ ಬೀದಿ ಮನೆಗಳಿಗೆ ಅನಿಲ ಹರಿಯತೊಡಗಿತು. 1825ರಲ್ಲಿ ಕಾರ್ನೇಲಿಯಸ್ ವೈಟ್‌ಹೌಸ್ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಅಂಚಿಗೆ ಅಂಚು ಬೆಸೆದು ಉದ್ದನೆಯ ಕೊಳವೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಅಗ್ಗದ, ಗಟ್ಟಿಯಾದ ಕೊಳವೆ ಎಲ್ಲರಿಗೂ ಸಿಗುವಂತಾಯಿತು. ಭಾರತದಲ್ಲಿ ಕಲ್ಕತ್ತದ ಬೀದಿಗಳಿಗೆ 1857ರಲ್ಲಿ ಅನಿಲ ದೀಪ ಬಂತು.

ಕಲ್ಲಿದ್ದಲ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತಿದ್ದುದರಿಂದ ಅದು ಉಸಿರಾಡಿದವರಿಗೆ ನೇರ ವಿಷವಾಗಿತ್ತು. ಅದರ ಘಾಟು ವಾಸನೆ ಸೋರಿಕೆಯನ್ನು ತಾನೇ ತಿಳಿಸುತ್ತಿತ್ತು. ನೆಲದಾಳದಿಂದ ಬರುವ ನೈಸರ್ಗಿಕ ಅನಿಲಕ್ಕೆ ವಾಸನೆ ಇಲ್ಲ. ಇದರ ಪರಿಣಾಮ 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಶಾಲೆಯಲ್ಲಿ ಕಂಡಿತು. ಶಾಲೆಯ ಹೀಟರುಗಳಿಗೆ ಬರುತ್ತಿದ್ದ ಅನಿಲ ಕಟ್ಟಡದ ಕೆಳಗಿನ ಜಾಗದಲ್ಲಿ ಯಾರಿಗೂ ಅರಿವಾಗದೆ ತುಂಬಿ ಸ್ಫೋಟಿಸಿ ಸುಮಾರು 300 ಮಕ್ಕಳು ಮತ್ತು ಶಿಕ್ಷಕರು ಸತ್ತರು. ಅಲ್ಲಿಂದ ಮುಂದೆ ಅನಿಲಕ್ಕೆ ಕೆಟ್ಟ ವಾಸನೆಯ ಮರ್ಕ್ಯಾಪ್ಟನ್ ಬೆರೆಸುವುದು ಕಡ್ಡಾಯವಾಯಿತು.

ಬ್ರಿಟನ್ 1967ರಿಂದ 1977ರವರೆಗೆ ಕೋಟಿಗೂ ಹೆಚ್ಚು ಗ್ರಾಹಕರನ್ನು ಕಲ್ಲಿದ್ದಲ ಅನಿಲದಿಂದ ಉತ್ತರ ಸಮುದ್ರದ ನೈಸರ್ಗಿಕ ಅನಿಲಕ್ಕೆ ಬದಲಾಯಿಸಿತು. ಹಳೆಯ ಅನಿಲ ತೇವವಾದದ್ದು, ಹೊಸದು ಒಣ. ಬೀಡುಕಬ್ಬಿಣದ ಕೊಳವೆಗಳ ಕೀಲಿನಲ್ಲಿ ತುರುಕಿದ್ದ ಸೆಣಬಿನ ನಾರು ಒಣಗಿ ಕುಗ್ಗಿದ್ದರಿಂದ ಅಲ್ಲಿಯವರೆಗೆ ಬಿಗಿಯಾಗಿದ್ದ ಕೀಲುಗಳು ಸೋರತೊಡಗಿದವು. ಅದೇ ಅವಧಿಯಲ್ಲಿ, 1968ರ ಮೇ 16ರಂದು, ಪೂರ್ವ ಲಂಡನ್ನಿನ 22 ಅಂತಸ್ತಿನ ರೋನನ್ ಪಾಯಿಂಟ್ ಕಟ್ಟಡದ 18ನೇ ಮಹಡಿಯಲ್ಲಿ ಅನಿಲ ಸ್ಫೋಟವಾಗಿ ಕಟ್ಟಡದ ಒಂದು ಮೂಲೆ ಪೂರ್ತಿ ಕುಸಿದು 4 ಮಂದಿ ಸತ್ತರು. ಒಲೆಗೆ ಹೋಗುವ ಕೊಳವೆಯ ಕೀಲಿನಲ್ಲಿದ್ದ ಕಳಪೆ ಹಿತ್ತಾಳೆ ನಟ್ ಒಡೆದದ್ದು ಮೂಲ ಕಾರಣವೆಂದು ತನಿಖೆ ಕಂಡುಕೊಂಡಿತು. ಅನಿಲ ಕೆಲಸಗಾರರನ್ನು ನೋಂದಾಯಿಸುವ ಕಾರ್ಗಿ ಎಂಬ ಸಂಸ್ಥೆ 1970ರಲ್ಲಿ ಹುಟ್ಟಿದ್ದು ಈ ದುರಂತದ ಬೆನ್ನಿಗೆ.

ಅನಿಲಗಳ ಗುಣ

ಕೊಳವೆಯನ್ನು ಎಲ್ಲಿ, ಹೇಗೆ ಒಯ್ಯಬೇಕು ಎಂಬುದನ್ನು ಅನಿಲದ ಎರಡು ಗುಣಗಳು ನಿರ್ಧರಿಸುತ್ತವೆ: ತೂಕ ಮತ್ತು ಹೊತ್ತಿಕೊಳ್ಳುವ ಮಿತಿ. ನೈಸರ್ಗಿಕ ಅನಿಲದ ಬಹುಭಾಗ ಮೀಥೇನ್. ಗಾಳಿಯನ್ನು 1 ಎಂದರೆ ಇದರ ತೂಕ ಸುಮಾರು 0.6, ಸೋರಿದರೆ ಮೇಲೇರಿ ಛಾವಣಿಯಡಿ ಸೇರುತ್ತದೆ. ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಬೆರೆತಾಗ ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಪ್ರೊಪೇನ್ ಮತ್ತು ಬ್ಯೂಟೇನ್ ಮಿಶ್ರಣವಾದ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ನೆಲದ ಮೇಲೆ ಹರಿದು ಚರಂಡಿ, ಕೇಬಲ್ ಗುಂಡಿ, ನೆಲಮಾಳಿಗೆಗಳಲ್ಲಿ ನಿಲ್ಲುತ್ತದೆ, ಸುಮಾರು ಶೇ. 2ರಷ್ಟು ಬೆರೆತರೂ ಹೊತ್ತಿಕೊಳ್ಳುತ್ತದೆ. ನೆಲಮಾಳಿಗೆಯಲ್ಲಿ ಎಲ್‌ಪಿಜಿ ಬಾಯ್ಲರ್ ಇಡಬಾರದೆಂಬ ನಿಯಮಕ್ಕೆ ಆಧಾರ ಇದೇ. ಸೋರಿಕೆ ಪತ್ತೆ ಮಾಡುವ ಸೆನ್ಸರನ್ನು ನೈಸರ್ಗಿಕ ಅನಿಲವಿದ್ದಲ್ಲಿ ಛಾವಣಿಯ ಹತ್ತಿರ, ಎಲ್‌ಪಿಜಿ ಇದ್ದಲ್ಲಿ ನೆಲದ ಹತ್ತಿರ ಹಾಕಬೇಕು. ಇಂಧನ ಬದಲಾಯಿಸಿದ ಮೇಲೆ ಸೆನ್ಸರ್ ಇದ್ದಲ್ಲಿಯೇ ಉಳಿದರೆ ಅದರಿಂದ ಪ್ರಯೋಜನವಿಲ್ಲ.

ವಿಧಗಳು

ಮನೆಯ ಜೋಡಣೆಯಲ್ಲಿ ಮೀಟರಿನ ನಂತರ ಒಂದೇ ಕಡಿಮೆ ಒತ್ತಡ ಇರುತ್ತದೆ. ಭಾರತದಲ್ಲೂ ಬ್ರಿಟನ್ನಿನಲ್ಲೂ ನೈಸರ್ಗಿಕ ಅನಿಲಕ್ಕೆ ಅದು ಸುಮಾರು 21 ಮಿಲಿಬಾರ್. ಹೋಟೆಲು, ಆಸ್ಪತ್ರೆ, ವಿದ್ಯಾರ್ಥಿನಿಲಯ, ಬಟ್ಟೆ ಒಗೆಯುವ ಘಟಕಗಳ ವಾಣಿಜ್ಯ ಜೋಡಣೆಯಲ್ಲಿ ಒತ್ತಡ ಇದಕ್ಕಿಂತ ಹೆಚ್ಚಿದ್ದು, ಬಾಯ್ಲರ್ ಕೋಣೆಯ ಬಳಿ ಎರಡನೆಯ ರೆಗ್ಯುಲೇಟರ್ ಇರುತ್ತದೆ. ಔಷಧ, ಆಹಾರ, ಜವಳಿ ಕಾರ್ಖಾನೆಗಳ ಹಬೆ ಬಾಯ್ಲರಿಗೆ ಹಲವು ಬಾರ್ ಒತ್ತಡದ ಅನಿಲ ಬಂದು ಹಂತಹಂತವಾಗಿ ಇಳಿಯುತ್ತದೆ.

ಪೈಪ್‌ಲೈನ್ ಇಲ್ಲದ ಊರುಗಳಲ್ಲಿ ಎಲ್‌ಪಿಜಿ ಸಿಲಿಂಡರುಗಳನ್ನು ಸಾಲಾಗಿ ಒಂದು ಮ್ಯಾನಿಫೋಲ್ಡಿಗೆ ಜೋಡಿಸುತ್ತಾರೆ. ದ್ರವ ಆವಿಯಾಗಲು ಶಾಖ ಬೇಕು. ಸಿಲಿಂಡರ್ ಅದನ್ನು ಸುತ್ತಲ ಗಾಳಿಯಿಂದ ಪಡೆಯುತ್ತದೆ. ಗಂಟೆಗೆ 1 ಟನ್ ಹಬೆಯ ಬಾಯ್ಲರಿಗೆ ಗಂಟೆಗೆ ಸುಮಾರು 50 ಕೆ.ಜಿ. ಎಲ್‌ಪಿಜಿ ಬೇಕಾಗುವುದರಿಂದ ಸಿಲಿಂಡರುಗಳು ತಣ್ಣಗಾಗಿ, ಮೈಮೇಲೆ ಹಿಮ ಕಟ್ಟಿ, ಒತ್ತಡ ಕುಸಿಯುತ್ತದೆ. ಆದ್ದರಿಂದ ಇಂಥ ಕಡೆ ದ್ರವವನ್ನೇ ಹೊರತೆಗೆದು ಬಿಸಿನೀರು ಅಥವಾ ವಿದ್ಯುತ್ತಿನಿಂದ ಕಾಯುವ ವೇಪರೈಸರಿನಲ್ಲಿ ಆವಿ ಮಾಡುತ್ತಾರೆ. ವೇಪರೈಸರ್ ಕೆಟ್ಟರೆ ದ್ರವ ಬರ್ನರಿನತ್ತ ನುಗ್ಗಬಹುದು. ಅದನ್ನು ತಡೆಯುವ ಕಟ್‌ಆಫ್ ಸಾಧನ ಈ ಜೋಡಣೆಯ ಕಡ್ಡಾಯ ಅಂಗ.

ರಚನೆ

ಕಟ್ಟಡದ ಹೊರಗೆ, ಬೆಂಕಿ ಬಿದ್ದಾಗಲೂ ಕೈಗೆ ಸಿಗುವ ಜಾಗದಲ್ಲಿ ಮುಖ್ಯ ವಾಲ್ವ್ ಇರಬೇಕು. ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವ್ ಇದಕ್ಕೆ ಬಳಕೆಯಲ್ಲಿದೆ. ಹಿಡಿ ಕೊಳವೆಯ ಗುಂಟ ಇದ್ದರೆ ತೆರೆದಿದೆ, ಅಡ್ಡವಾಗಿದ್ದರೆ ಮುಚ್ಚಿದೆ ಎಂದು ದೂರದಿಂದಲೇ ತಿಳಿಯುತ್ತದೆ. ಅದರ ನಂತರ ಫಿಲ್ಟರ್, ರೆಗ್ಯುಲೇಟರ್, ಮೀಟರ್ ಬರುತ್ತವೆ. ಅಮೆರಿಕದ ಪದ್ಧತಿಯಲ್ಲಿ ಬಾಯ್ಲರಿನ ಹತ್ತಿರ ಕೆಳಮುಖವಾಗಿ ಒಂದು ಮೊಂಡು ತುಂಡು ಬಿಡುತ್ತಾರೆ. ಕೊಳವೆಯ ತುಕ್ಕು, ಕಸ, ತೇವ ಅದರಲ್ಲಿ ಬಿದ್ದು ವಾಲ್ವಿನತ್ತ ಹೋಗದೆ ಉಳಿಯುತ್ತದೆ.

ರೆಗ್ಯುಲೇಟರ್ ಕೈಕೊಟ್ಟರೆ ಮೇಲಿನ ಒತ್ತಡ ನೇರವಾಗಿ ಬರ್ನರಿಗೆ ಬರುತ್ತದೆ. ಅದನ್ನು ತಡೆಯಲು ಒತ್ತಡ ಮಿತಿ ಮೀರಿದ ಕೂಡಲೇ ಥಟ್ಟನೆ ಮುಚ್ಚಿ, ಮನುಷ್ಯ ಬಂದು ಮತ್ತೆ ತೆರೆಯುವವರೆಗೆ ಮುಚ್ಚಿಯೇ ಇರುವ ಸ್ಲ್ಯಾಮ್ ಶಟ್ ವಾಲ್ವ್ ಹಾಕುತ್ತಾರೆ. ಇಂಥ ರಕ್ಷಣೆ ಇಲ್ಲದಿದ್ದರೆ ಏನಾಗುತ್ತದೆಂಬುದು 2018ರ ಸೆಪ್ಟೆಂಬರ್ 13ರಂದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಲಾರೆನ್ಸ್, ಆಂಡೋವರ್, ನಾರ್ತ್ ಆಂಡೋವರ್ ಊರುಗಳಲ್ಲಿ ತಿಳಿಯಿತು. ಬೀದಿಯ ಹಳೆಯ ಕೊಳವೆಯನ್ನು ಬದಲಿಸುವಾಗ ಒತ್ತಡ ಅಳೆಯುವ ಸಂಪರ್ಕ ಹಳೆಯ, ಅನಿಲ ನಿಲ್ಲಿಸಿದ್ದ ಕೊಳವೆಯಲ್ಲೇ ಉಳಿದಿತ್ತು. ಒತ್ತಡ ಬೀಳುತ್ತಿದೆ ಎಂದು ತಿಳಿದ ರೆಗ್ಯುಲೇಟರುಗಳು ಇನ್ನಷ್ಟು ತೆರೆದುಕೊಂಡವು. ಮನೆಗಳಿಗೆ ಪ್ರತ್ಯೇಕ ರೆಗ್ಯುಲೇಟರ್ ಇರಲಿಲ್ಲ; ಒಂದೇ ಸಂಜೆ ಹತ್ತಾರು ಮನೆಗಳಲ್ಲಿ ಬೆಂಕಿ, ಸ್ಫೋಟಗಳಾಗಿ ಒಬ್ಬ ಯುವಕ ಸತ್ತ.

ಬರ್ನರಿಗೆ ತಾಗಿಕೊಂಡಿರುವ ಸಾಧನಗಳ ಸಾಲಿಗೆ ಗ್ಯಾಸ್ ಟ್ರೇನ್ ಎಂದು ಹೆಸರು. ಕೈವಾಲ್ವ್, ಫಿಲ್ಟರ್, ರೆಗ್ಯುಲೇಟರ್, ಕಡಿಮೆ ಒತ್ತಡದ ಸ್ವಿಚ್, ಒಂದರ ಹಿಂದೊಂದು ಎರಡು ಸ್ವಯಂಚಾಲಿತ ಶಟ್‌ಆಫ್ ವಾಲ್ವ್, ಹೆಚ್ಚು ಒತ್ತಡದ ಸ್ವಿಚ್, ಹರಿವು ನಿಯಂತ್ರಕ ಇದರಲ್ಲಿ ಇರುತ್ತವೆ. ಶಟ್‌ಆಫ್ ವಾಲ್ವ್ ಎರಡಿರುವುದು ಒಂದು ಕಚ್ಚಿಕೊಂಡರೂ ಇನ್ನೊಂದು ಅನಿಲ ನಿಲ್ಲಿಸಲಿ ಎಂದು. ದೊಡ್ಡ ಬರ್ನರುಗಳಲ್ಲಿ ಎರಡರ ನಡುವಿನ ಜಾಗವನ್ನು ಹೊರಾವರಣಕ್ಕೆ ತೆರೆದಿಡುವ ಏರ್ಪಾಡಾಗಲಿ, ಪ್ರತಿ ಸಲ ಹೊತ್ತಿಸುವ ಮುನ್ನ ಎರಡೂ ವಾಲ್ವ್ ಬಿಗಿಯಾಗಿವೆಯೇ ಎಂದು ಪರೀಕ್ಷಿಸುವ ಸಾಧನವಾಗಲಿ ಇರುತ್ತದೆ. ವಿದ್ಯುತ್ ಹೋದರೆ ಈ ವಾಲ್ವುಗಳು ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಳ್ಳುತ್ತವೆ. ಬ್ಲೋವರ್ ತಿರುಗದಿದ್ದರೆ, ನೀರಿನ ಮಟ್ಟ ಇಳಿದರೆ, ಸೆನ್ಸರಿಗೆ ಜ್ವಾಲೆ ಕಾಣದಿದ್ದರೆ ಅನಿಲ ಬರಕೂಡದು. ಈ ಸ್ವಿಚ್‌ಗಳಿಗೆ ವಯರ್ ತುಂಡಿನಿಂದ ಅಡ್ಡದಾರಿ ಮಾಡಿ ಬಾಯ್ಲರ್ ಓಡಿಸುವುದು ನೇರ ಅಪರಾಧಕ್ಕೆ ಸಮ.

ಸಾಮಗ್ರಿ ಮತ್ತು ಕೀಲುಗಳು

ನೆಲದ ಮೇಲೆ, ಕಾರ್ಖಾನೆಯಲ್ಲಿ ಉಕ್ಕಿನ ಕೊಳವೆಯೇ ರೂಢಿ. ಭಾರತದಲ್ಲಿ ಐಎಸ್ 1239 ಮಾನಕದ ದಪ್ಪ ದರ್ಜೆಯ ಕೊಳವೆ, ಹೆಚ್ಚು ಒತ್ತಡಕ್ಕೆ ಬೆಸುಗೆ ಗೆರೆಯಿಲ್ಲದ ಸೀಮ್‌ಲೆಸ್ ಕೊಳವೆ ಬಳಸುತ್ತಾರೆ. ಮನೆಯೊಳಗೆ ಭಾರತದಲ್ಲಿ ಜಿಐ ಮತ್ತು ತಾಮ್ರ, ಬ್ರಿಟನ್ನಿನಲ್ಲಿ ಬಹುಪಾಲು ತಾಮ್ರ, ಅಮೆರಿಕದಲ್ಲಿ ಕಪ್ಪು ಉಕ್ಕು ಮತ್ತು ಸುಕ್ಕುಮೈಯ ಸ್ಟೇನ್‌ಲೆಸ್ ಕೊಳವೆ ಕಾಣುತ್ತವೆ. ಪಾಲಿಎಥಿಲಿನ್ ಕೊಳವೆ ನೆಲದಡಿಗೆ ಮಾತ್ರ. ಬಿಸಿಲಿಗೂ ಬೆಂಕಿಗೂ ಅದು ತಾಳುವುದಿಲ್ಲವಾದ್ದರಿಂದ ಕಟ್ಟಡ ಸೇರುವ ಮೊದಲೇ ಉಕ್ಕಿಗೆ ಬದಲಾಗಬೇಕು. ನೀರಿನ ಪಿವಿಸಿ ಅಥವಾ ಸಿಪಿವಿಸಿ ಪೈಪನ್ನು ಕಟ್ಟಡದೊಳಗಿನ ಅನಿಲಕ್ಕೆ ಯಾವ ಕಾರಣಕ್ಕೂ ಬಳಸುವಂತಿಲ್ಲ. ಅನಿಲದ ಕೊಳವೆಗೆ ಹಳದಿ ಬಣ್ಣ ಬಳಿದು, ಹರಿಯುವ ದಿಕ್ಕಿಗೆ ಬಾಣದ ಗುರುತು ಹಾಕುತ್ತಾರೆ.

ಸೋರುವುದು ಕೊಳವೆಯಲ್ಲ, ಕೀಲು. ಆದ್ದರಿಂದ ಕೀಲು ಕಡಿಮೆಯಿದ್ದಷ್ಟೂ ಒಳ್ಳೆಯದು. ಇದ್ದವು ಕಣ್ಣಿಗೆ ಕಾಣುವಂತಿರಬೇಕು. ವೆಲ್ಡ್ ಮಾಡಿದ ಕೀಲು ಎಲ್ಲಕ್ಕಿಂತ ನಂಬಿಕೆಯದು. ಥ್ರೆಡ್ ಕೀಲಿನಲ್ಲಿ ಎಳೆಗಳು ತುದಿಯತ್ತ ಸಣ್ಣದಾಗುತ್ತ ಹೋಗುವ ಟೇಪರ್ ಥ್ರೆಡ್ಡೇ ಬೇಕು. ಕತ್ತರಿಸಿದ ಕೊಳವೆಯ ಒಳಅಂಚಿನ ಮುಳ್ಳನ್ನು ರೀಮರಿನಿಂದ ಕೆರೆದು ತೆಗೆದು, ಎಣ್ಣೆ ಒರೆಸಿ, ಅನಿಲಕ್ಕೆಂದೇ ಮಾಡಿದ ದಪ್ಪ ಟೆಫ್ಲಾನ್ ಟೇಪನ್ನಾಗಲಿ ಪೇಸ್ಟನ್ನಾಗಲಿ ಗಂಡು ಥ್ರೆಡ್ಡಿಗೆ ಮಾತ್ರ, ಮೊದಲ ಎಳೆಯನ್ನು ಬಿಟ್ಟು ಹಚ್ಚಬೇಕು. ಮೊದಲ ಎಳೆಗೆ ಸುತ್ತಿದ ಟೇಪಿನ ಚೂರು ಹರಿದು ಒಳಹೋಗಿ ಶಟ್‌ಆಫ್ ವಾಲ್ವಿನ ಸೀಟಿನಲ್ಲಿ ಸಿಕ್ಕಿಕೊಂಡರೆ ಆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಬಿಗಿ ಮಾಡಿದ ಎಲ್ಬೋವನ್ನು ದಿಕ್ಕು ಸರಿಪಡಿಸಲೆಂದು ಹಿಂದಕ್ಕೆ ತಿರುಗಿಸಿದರೆ ಆ ಕೀಲು ಕೆಟ್ಟಂತೆ. ಬಿಚ್ಚಿ ಮೊದಲಿನಿಂದ ಮಾಡಬೇಕು. ಯೂನಿಯನ್, ಕಂಪ್ರೆಷನ್ ಕೀಲುಗಳನ್ನು ಗೋಡೆ, ನೆಲದೊಳಗೆ ಹೂಳಬಾರದು.

ಅಳತೆಯ ನಿರ್ಧಾರ

ಕೊಳವೆಯ ವ್ಯಾಸ ಊಹೆಯಿಂದ ನಿರ್ಧರಿಸುವ ವಿಷಯವಲ್ಲ. ಕಡಿಮೆ ಒತ್ತಡದ ಅನಿಲದ ಹರಿವಿಗೆ 19ನೇ ಶತಮಾನದ ಎಂಜಿನಿಯರ್ ವಿಲಿಯಂ ಪೋಲ್ ಹೆಸರಿನ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಹರಿವು ವ್ಯಾಸದ ಎರಡೂವರೆ ಘಾತಕ್ಕೆ ಅನುಗುಣ. ವ್ಯಾಸ ಇಮ್ಮಡಿಯಾದರೆ ಅದೇ ಒತ್ತಡ ನಷ್ಟದಲ್ಲಿ ಐದೂವರೆ ಪಟ್ಟಿಗೂ ಹೆಚ್ಚು ಅನಿಲ ಹರಿಯುತ್ತದೆ. ಬ್ರಿಟನ್ನಿನ 15 ಮಿ.ಮೀ. ತಾಮ್ರದ ಬದಲು 22 ಮಿ.ಮೀ. ಹಾಕಿದರೆ ಸಾಮರ್ಥ್ಯ ಎರಡೂವರೆ ಪಟ್ಟನ್ನು ದಾಟುತ್ತದೆ. ಅಲ್ಲಿನ ನಿಯಮದಂತೆ ಮೀಟರಿನಿಂದ ಬಾಯ್ಲರಿಗೆ ಬರುವಷ್ಟರಲ್ಲಿ, ಎಲ್ಲ ಉಪಕರಣಗಳೂ ಪೂರ್ತಿ ಉರಿಯುವಾಗ, ಒತ್ತಡ 1 ಮಿಲಿಬಾರಿಗಿಂತ ಹೆಚ್ಚು ಇಳಿಯಬಾರದು. ಪ್ರತಿ ಎಲ್ಬೋ, ಟೀ ಹರಿವನ್ನು ತಡೆಯುವುದರಿಂದ ಅವನ್ನೂ ಉದ್ದದ ಲೆಕ್ಕಕ್ಕೆ ಸೇರಿಸುತ್ತಾರೆ.

24 ಕಿಲೋವಾಟ್ ಬಾಯ್ಲರಿಗೆ ಗಂಟೆಗೆ ಸುಮಾರು 2.5 ಘನ ಮೀಟರ್, 1 ಟನ್ ಹಬೆ ಬಾಯ್ಲರಿಗೆ ಸುಮಾರು 70 ಘನ ಮೀಟರ್ ನೈಸರ್ಗಿಕ ಅನಿಲ ಬೇಕು. ಕೊಳವೆ ಸಣ್ಣದಾದರೆ ಬರ್ನರಿಗೆ ಅನಿಲ ಸಾಲದೆ ಜ್ವಾಲೆ ಆರುತ್ತದೆ, ಅಥವಾ ಬಾಯ್ಲರ್ ಹೊತ್ತಿದ ಕೂಡಲೇ ಅದೇ ಕೊಳವೆಯ ಒಲೆ ಮಂಕಾಗುತ್ತದೆ. ಎಲ್‌ಪಿಜಿಯಿಂದ ನೈಸರ್ಗಿಕ ಅನಿಲಕ್ಕೆ ಬದಲಾಗುವಾಗ ಈ ತೊಂದರೆ ಹೆಚ್ಚು. ಒಂದೇ ಗಾತ್ರದ ಎಲ್‌ಪಿಜಿ ಆವಿಯಲ್ಲಿ ನೈಸರ್ಗಿಕ ಅನಿಲಕ್ಕಿಂತ ಸುಮಾರು ಎರಡೂವರೆ ಪಟ್ಟು ಶಾಖವಿದೆ. ಹಾಗಾಗಿ ಎಲ್‌ಪಿಜಿಗೆ ಸಾಕಾಗಿದ್ದ ಕೊಳವೆ ಹೊಸ ಇಂಧನಕ್ಕೆ ಕಿರಿದಾಗುತ್ತದೆ. ಬರ್ನರಿನ ಜೆಟ್ ಬದಲಿಸಿದರೆ ಸಾಲದು, ಕೊಳವೆಯನ್ನೂ ಮರುಲೆಕ್ಕ ಹಾಕಬೇಕು.

ಹಾದಿ ಮತ್ತು ಆಧಾರ

ಲಿಫ್ಟಿನ ಬಾವಿ, ಹೊಗೆಗೂಡು, ಗಾಳಿ ಬಿಡುವ ಡಕ್ಟ್, ಕಟ್ಟಡದ ಅಡಿಪಾಯದ ಕೆಳಭಾಗ ಇವುಗಳ ಮೂಲಕ ಅನಿಲದ ಕೊಳವೆ ಹೋಗಬಾರದು. ಗೋಡೆ ದಾಟುವಲ್ಲಿ ಅದನ್ನು ಸ್ಲೀವ್ ಎಂಬ ದೊಡ್ಡ ಹೊರಕೊಳವೆಯೊಳಗೆ ಹಾಯಿಸುತ್ತಾರೆ. ನಡುವಿನ ಸಂದನ್ನು ಒಳಬದಿಯಲ್ಲಿ ಮುಚ್ಚಿ ಹೊರಬದಿಯನ್ನು ತೆರೆದಿಟ್ಟರೆ, ಸೋರಿದ್ದು ಕೋಣೆಗೆ ಬರದೆ ಹೊರಗೆ ಹೋಗುತ್ತದೆ. ಬ್ರಿಟನ್ನಿನ ಮಾನಕದಲ್ಲಿ ವಿದ್ಯುತ್ ಮೀಟರಿನಿಂದ 150 ಮಿ.ಮೀ., ಕೇಬಲ್ಲಿನಿಂದ 25 ಮಿ.ಮೀ. ಅಂತರ ಹೇಳಿದೆ, 22 ಮಿ.ಮೀ. ತಾಮ್ರದ ಕೊಳವೆಗೆ ಅಡ್ಡಸಾಲಿನಲ್ಲಿ ಪ್ರತಿ 2 ಮೀಟರಿಗೆ ಕ್ಲ್ಯಾಂಪ್ ಬೇಕು. ಕೊಳವೆಯ ಭಾರ ಬಾಯ್ಲರಿನ ಮೇಲಾಗಲಿ ಗ್ಯಾಸ್ ಟ್ರೇನಿನ ಮೇಲಾಗಲಿ ಬೀಳಬಾರದು. ಹಬೆ ಬಾಯ್ಲರಿನ ಬ್ಲೋವರ್ ಸದಾ ನಡುಗಿಸುವುದರಿಂದ ಬರ್ನರಿನ ಬಳಿ ಲೋಹದ ಹೆಣಿಗೆಯ ಬಗ್ಗುವ ಕೊಳವೆ ಹಾಕುತ್ತಾರೆ. ರಬ್ಬರ್ ಹೋಸ್ ಅಲ್ಲಿಗೆ ಸಲ್ಲದು.

ಲೋಹದ ಅನಿಲ ಕೊಳವೆಯನ್ನು ಕಟ್ಟಡದ ಅರ್ಥಿಂಗ್ ವ್ಯವಸ್ಥೆಗೆ ತಂತಿಯಿಂದ ಸೇರಿಸುವುದು ಕಡ್ಡಾಯ, ಆದರೆ ಕೊಳವೆಯನ್ನೇ ಅರ್ಥಿಂಗ್ ಎಂದು ಬಳಸುವುದು ನಿಷಿದ್ಧ. ಹಳೆಯ ಕೊಳವೆ ಕತ್ತರಿಸುವ ಮುನ್ನ ಎರಡೂ ಬದಿಗೆ ತಾತ್ಕಾಲಿಕ ತಂತಿ ಕಟ್ಟುವ ರೂಢಿ ಇದೆ. ಯಾವುದೋ ದೋಷದಿಂದ ವಿದ್ಯುತ್ತು ಕೊಳವೆಯಲ್ಲಿ ಹರಿಯುತ್ತಿದ್ದರೆ ಬೇರ್ಪಡಿಸಿದ ಗಳಿಗೆಯಲ್ಲಿ ಕಿಡಿ ಹಾರುತ್ತದೆ.

ಸೋರಿಕೆ ಪರೀಕ್ಷೆ

ಹೊಸ ಕೊಳವೆಗೆ ಅನಿಲ ಬಿಡುವ ಮೊದಲು ಗಾಳಿ ಅಥವಾ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡುವುದು ಈ ಕೆಲಸದ ಅತಿ ಮುಖ್ಯ ಹಂತ. ಕೈಗಾರಿಕಾ ಕೊಳವೆಯನ್ನು ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಪರೀಕ್ಷಿಸುತ್ತಾರೆ. ಆ ಒತ್ತಡ ತಾಳದ ರೆಗ್ಯುಲೇಟರ್, ಗ್ಯಾಸ್ ಟ್ರೇನ್, ಮೀಟರುಗಳನ್ನು ಮೊದಲೇ ಬೇರ್ಪಡಿಸಿರಬೇಕು. ಆಕ್ಸಿಜನ್ನಿನಿಂದ ಪರೀಕ್ಷೆ ಮಾಡುವಂತಿಲ್ಲ. ಕೊಳವೆಯೊಳಗಿನ ಎಣ್ಣೆ, ಜಿಡ್ಡು ಅದರಲ್ಲಿ ಉರಿದೇಳುತ್ತದೆ.

ಮನೆಯ ಕಡಿಮೆ ಒತ್ತಡದ ಕೊಳವೆಗೆ ಯು ಆಕಾರದ ಗಾಜಿನ ನೀರಳತೆ ಸರಳವೂ ನಿಖರವೂ ಆದ ಉಪಕರಣ. 1 ಮಿಲಿಬಾರ್ ಎಂದರೆ ಸುಮಾರು 10 ಮಿ.ಮೀ. ನೀರು; 20 ಮಿಲಿಬಾರಿಗೆ ಎರಡು ಕವಲುಗಳ ನೀರಿನ ನಡುವೆ ಸುಮಾರು 20 ಸೆಂ.ಮೀ. ಅಂತರ. ಕೂದಲೆಳೆಯಷ್ಟು ಸೋರಿಕೆ ಇದ್ದರೂ ನೀರಿನ ಅಂಚು ಗೆರೆಯಿಂದ ಮೆಲ್ಲಗೆ ಜಾರುವುದು ಬರಿಗಣ್ಣಿಗೆ ಕಾಣುತ್ತದೆ. ಬ್ರಿಟನ್ನಿನ ಮನೆಗಳಲ್ಲಿ ಮೊದಲು ಮೀಟರ್ ಬಳಿಯ ವಾಲ್ವ್ ಮುಚ್ಚಿದಾಗ ನಿಜಕ್ಕೂ ಅನಿಲ ನಿಲ್ಲುತ್ತದೆಯೇ ಎಂದು ಕಡಿಮೆ ಒತ್ತಡದಲ್ಲಿ ನೋಡುತ್ತಾರೆ. ಬಳಿಕ ಸುಮಾರು 20 ಮಿಲಿಬಾರಿಗೆ ಏರಿಸಿ, 1 ನಿಮಿಷ ಉಷ್ಣತೆ ಸ್ಥಿರವಾಗಲು ಬಿಟ್ಟು, ಮುಂದಿನ 2 ನಿಮಿಷ ಕಾಯುತ್ತಾರೆ. ಹೊಸ ಕೊಳವೆಯಲ್ಲಿ ನೀರಿನ ಮಟ್ಟ ಅಲುಗಲೇಬಾರದು.

ಸ್ಥಿರವಾಗಲು ಬಿಡುವ ಆ ಒಂದು ನಿಮಿಷಕ್ಕೆ ಬಲವಾದ ಕಾರಣವಿದೆ. ಮುಚ್ಚಿದ ಕೊಳವೆಯೊಳಗಿನ ಗಾಳಿ 1 ಡಿಗ್ರಿ ಸೆಲ್ಸಿಯಸ್ ಕಾದರೆ ಒತ್ತಡ ಸುಮಾರು 3.5 ಮಿಲಿಬಾರ್ ಏರುತ್ತದೆ, ತಣ್ಣಗಾದರೆ ಅಷ್ಟೇ ಇಳಿಯುತ್ತದೆ. ಛಾವಣಿಯ ಮೇಲೆ ಬಿಸಿಲಿಗೆ ಮೈಯೊಡ್ಡಿದ ಕೊಳವೆಯಲ್ಲಿ ಏರುವ ಒತ್ತಡ ನಿಜವಾದ ಸೋರಿಕೆಯನ್ನು ಮರೆಮಾಚಬಲ್ಲದು. ಸಂಜೆ ಇಳಿಯುವ ಒತ್ತಡ ಇಲ್ಲದ ಸೋರಿಕೆಯನ್ನು ತೋರಿಸಬಲ್ಲದು. ಉದ್ದನೆಯ ಕೊಳವೆಯನ್ನು ಹಲವು ಗಂಟೆ ಪರೀಕ್ಷಿಸುವಾಗ ಆರಂಭದ ಮತ್ತು ಕೊನೆಯ ಉಷ್ಣತೆಯನ್ನೂ ದಾಖಲಿಸಬೇಕು. ಹಾಗೆ ಮಾಡದ ವರದಿಗೆ ಬೆಲೆಯಿಲ್ಲ.

ಒತ್ತಡ ಇಳಿದರೆ ಜಾಗ ಹುಡುಕುವುದು ಸಾಬೂನು ನೀರಿನಿಂದ. ಬ್ರಶ್ಶಿನಿಂದ ಕೀಲಿನ ಸುತ್ತ ಹಚ್ಚಿದಾಗ ಸೋರುವಲ್ಲಿ ಗುಳ್ಳೆ ಎದ್ದು ದೊಡ್ಡದಾಗುತ್ತದೆ. ತೀರ ಸಣ್ಣ ಸೋರಿಕೆಗೆ ನೊರೆಯ ಬಿಳಿ ಗುಪ್ಪೆ ನಿಧಾನವಾಗಿ ಕಟ್ಟುವುದರಿಂದ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. ಪರೀಕ್ಷೆಯ ನಂತರ ಸಾಬೂನನ್ನು ತೊಳೆದು ಒರೆಸಬೇಕು, ಇಲ್ಲದಿದ್ದರೆ ಲೋಹ ತುಕ್ಕು ಹಿಡಿಯುತ್ತದೆ. ಕಡ್ಡಿ ಗೀರಿ ನೋಡುವುದು ಪ್ರಾಣಕ್ಕೆ ಎರವಾಗುವ ಪದ್ಧತಿ.

ಪರ್ಜಿಂಗ್

ಪರೀಕ್ಷೆ ಮುಗಿದ ಕೊಳವೆಯಲ್ಲಿ ಗಾಳಿ ತುಂಬಿರುತ್ತದೆ. ಅದನ್ನು ಹೊರದೂಡಿ ಅನಿಲ ತುಂಬುವುದಕ್ಕೆ ಪರ್ಜಿಂಗ್ ಎನ್ನುತ್ತಾರೆ. ಈ ನಡುವಿನ ಕ್ಷಣಗಳಲ್ಲಿ ಕೊಳವೆಯೊಳಗೆ ಸ್ಫೋಟಕ ಮಿಶ್ರಣ ಇದ್ದೇ ಇರುತ್ತದೆ. ಹೊರಬರುವ ತುದಿಯಲ್ಲಿಯೂ ಇರುತ್ತದೆ. ಗಾತ್ರ ದೊಡ್ಡದಾದರೆ ಮೊದಲು ನೈಟ್ರೋಜನ್ನಿನಿಂದ ಗಾಳಿಯನ್ನು, ಆಮೇಲೆ ಅನಿಲದಿಂದ ನೈಟ್ರೋಜನ್ನನ್ನು ತಳ್ಳುವುದು ಸುರಕ್ಷಿತ ಕ್ರಮ. ತುದಿಯ ಕೊಳವೆ ಕಟ್ಟಡದ ಹೊರಗೆ, ಕಿಟಕಿ ಮತ್ತು ಕಿಡಿಯ ಮೂಲಗಳಿಂದ ದೂರ, ಬಯಲಿಗೆ ಬಾಯಿ ತೆರೆದಿರಬೇಕು. ಅಲ್ಲಿ ಒಬ್ಬರು ಡಿಟೆಕ್ಟರ್ ಹಿಡಿದು ನಿಂತಿರಬೇಕು.

2009ರ ಜೂನ್ 9ರಂದು ಅಮೆರಿಕದ ನಾರ್ತ್ ಕೆರೊಲಿನಾದ ಗಾರ್ನರ್ ಊರಿನ ಮಾಂಸದ ತಿನಿಸಿನ ಕಾರ್ಖಾನೆಯಲ್ಲಿ ಅನಿಲದಿಂದ ನೀರು ಕಾಯಿಸುವ ಹೊಸ ಹೀಟರ್ ಅಳವಡಿಸುತ್ತಿದ್ದರು. ಕೊಳವೆಯ ಗಾಳಿಯನ್ನು ಅನಿಲದಿಂದ ತಳ್ಳಿ ಕಟ್ಟಡದೊಳಕ್ಕೇ ಬಿಟ್ಟರು. ಹೀಟರ್ ಹೊತ್ತಲು ತಡವಾದಂತೆ ಅನಿಲ ಬಿಡುತ್ತಲೇ ಹೋದರು. ಅಪಾಯವಾದರೆ ವಾಸನೆ ತಿಳಿಸುತ್ತದೆಂದು ನಂಬಿದ್ದರು. ಸ್ಫೋಟದಲ್ಲಿ 4 ಕೆಲಸಗಾರರು ಸತ್ತರು. ವಾಸನೆಯನ್ನು ನೆಚ್ಚಲಾಗದು: ಹೊಸ ಉಕ್ಕಿನ ಕೊಳವೆಯ ಒಳಮೈ ಮರ್ಕ್ಯಾಪ್ಟನ್ನನ್ನು ಹೀರಿಕೊಂಡು ವಾಸನೆ ತಗ್ಗಬಹುದು. ಒಂದೇ ಸಮನೆ ಮೂಸುತ್ತಿದ್ದವರ ಮೂಗು ದಣಿದು ವಾಸನೆ ಹಿಡಿಯದಾಗಬಹುದು. ಈ ದುರಂತದ ಮೇಲೆ ಅಮೆರಿಕದ ರಾಷ್ಟ್ರೀಯ ಇಂಧನ ಅನಿಲ ಸಂಹಿತೆಯ ಪರ್ಜಿಂಗ್ ನಿಯಮಗಳನ್ನು ಬಿಗಿಗೊಳಿಸಿದರು. ಕೊಳವೆಯ ಕಸ ತೆಗೆಯಲು ಅನಿಲವನ್ನೇ ರಭಸದಿಂದ ಊದುವ ಇನ್ನೊಂದು ಪದ್ಧತಿ ಇತ್ತು. 2010ರ ಫೆಬ್ರವರಿ 7ರಂದು ಕನೆಕ್ಟಿಕಟ್‌ನ ಮಿಡಲ್‌ಟೌನ್‌ನಲ್ಲಿ ಕಟ್ಟುತ್ತಿದ್ದ ವಿದ್ಯುತ್ ಸ್ಥಾವರವೊಂದರಲ್ಲಿ ಹಾಗೆ ಊದುವಾಗ ಸ್ಫೋಟವಾಗಿ 6 ಮಂದಿ ಸತ್ತರು. ಕಸವನ್ನು ಗಾಳಿ ಅಥವಾ ನೈಟ್ರೋಜನ್ನಿನಿಂದ ತೆಗೆಯಬಹುದು. ಅನಿಲದಿಂದ ತೆಗೆಯುವ ಅಗತ್ಯ ಎಲ್ಲಿಯೂ ಇಲ್ಲ.

ಗಾಳಿ ಮತ್ತು ಹೊಗೆ

1 ಘನ ಮೀಟರ್ ನೈಸರ್ಗಿಕ ಅನಿಲ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಬೇಕು. ಗಾಳಿ ಸಾಲದಿದ್ದರೆ ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಾಯ್ಲರ್ ಕೋಣೆಗೆ ಮೇಲೊಂದು ಕೆಳಗೊಂದು ಮುಚ್ಚಲಾಗದ ಕಿಂಡಿ ಬೇಕು. ಎಲ್‌ಪಿಜಿ ಇದ್ದಲ್ಲಿ ಕೆಳಗಿನದು ನೆಲಮಟ್ಟಕ್ಕೆ ಇರಬೇಕು. ಮನೆಯ ಹೊಸ ಬಾಯ್ಲರುಗಳು ಹೊರಗಿನ ಗಾಳಿಯನ್ನೇ ಎಳೆದು, ಹೊಗೆಯನ್ನೂ ಹೊರಗೇ ಬಿಡುವ ಮುಚ್ಚಿದ ಬಗೆಯವು. ಚಾಲನೆ ಕೊಡುವಾಗ ಹೊಗೆಯಲ್ಲಿನ ಆಕ್ಸಿಜನ್, ಕಾರ್ಬನ್ ಮೊನಾಕ್ಸೈಡ್ ಅಳೆದು ಬರ್ನರ್ ಹೊಂದಿಸಿ ದಾಖಲಿಸುವುದರೊಂದಿಗೆ ಜೋಡಣೆಯ ಕೆಲಸ ಮುಗಿಯುತ್ತದೆ.

ಕಾನೂನು ಮತ್ತು ಮೇಲ್ವಿಚಾರಣೆ

ಬ್ರಿಟನ್ನಿನಲ್ಲಿ 1998ರ ಅನಿಲ ಸುರಕ್ಷಾ ನಿಯಮಗಳ ಪ್ರಕಾರ, 2009ರ ಏಪ್ರಿಲ್ 1ರಿಂದ ಕಾರ್ಗಿಯ ಜಾಗಕ್ಕೆ ಬಂದ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿದ್ದವರು ಮಾತ್ರ ಹಣಕ್ಕಾಗಿ ಅನಿಲದ ಕೆಲಸ ಮಾಡಬಹುದು. ಬಾಡಿಗೆ ಮನೆಯ ಮಾಲೀಕ ವರ್ಷಕ್ಕೊಮ್ಮೆ ಬಾಯ್ಲರನ್ನು ಪರೀಕ್ಷೆ ಮಾಡಿಸಿ, 28 ದಿನಗಳೊಳಗೆ ಅದರ ದಾಖಲೆಯನ್ನು ಬಾಡಿಗೆದಾರರಿಗೆ ಕೊಡಬೇಕು. ಓದಲು, ದುಡಿಯಲು ಅಲ್ಲಿಗೆ ಹೋಗಿ ಬಾಡಿಗೆ ಮನೆಯಲ್ಲಿರುವ ಕನ್ನಡಿಗರಿಗೂ ಈ ಹಕ್ಕಿದೆ.

ಭಾರತದಲ್ಲಿ ಅಧಿಕಾರ ಹಲವು ಕಡೆ ಹಂಚಿಹೋಗಿದೆ. ನಗರ ಅನಿಲ ಜಾಲಕ್ಕೆ 2006ರ ಕಾಯ್ದೆಯಡಿ ರಚನೆಯಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯ ತಾಂತ್ರಿಕ ನಿಯಮಗಳು ಅನ್ವಯಿಸುತ್ತವೆ. ಎಲ್‌ಪಿಜಿ ದಾಸ್ತಾನಿನ ಪರವಾನಗಿ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೋ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಸಂಸ್ಥೆಯದು. 2016ರ ಗ್ಯಾಸ್ ಸಿಲಿಂಡರ್ ನಿಯಮಗಳಡಿ 100 ಕೆ.ಜಿ. ಮೀರಿದ ಸಿಲಿಂಡರ್ ದಾಸ್ತಾನಿಗೆ ಪರವಾನಗಿ ಬೇಕು. ಹಬೆ ಬಾಯ್ಲರನ್ನು 1923ರ ಕಾಯ್ದೆಯ ಬದಲಿಗೆ ಬಂದ 2025ರ ಬಾಯ್ಲರುಗಳ ಕಾಯ್ದೆ ನಿಯಂತ್ರಿಸುತ್ತದೆ. ಕರ್ನಾಟಕದಲ್ಲಿ ತಪಾಸಣೆ ನಡೆಸುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ಬಾಯ್ಲರ್ ಕಾನೂನಿನ ಗಮನ ಮುಖ್ಯವಾಗಿ ಹಬೆಯ ಒತ್ತಡದ ಬದಿಗೆ ಇರುವುದರಿಂದ, ಬಾಯ್ಲರಿಗೆ ಪ್ರಮಾಣಪತ್ರ ಸಿಕ್ಕಿತೆಂದರೆ ಅನಿಲದ ಕೊಳವೆಯೂ ಸರಿಯಿದೆ ಎಂದು ತಿಳಿಯುವುದು ತಪ್ಪು.

ಇಂದಿನ ಸ್ಥಿತಿ

ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಸುಮಾರು 1,000 ಕಿ.ಮೀ. ಉದ್ದದ ಅನಿಲ ಪೈಪ್‌ಲೈನ್ 2013ರಲ್ಲಿ ಆರಂಭವಾಯಿತು. 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಪೈಪ್‌ಲೈನ್ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಸೌದೆ, ಫರ್ನೇಸ್ ಎಣ್ಣೆ, ಡೀಸೆಲ್ ಉರಿಸುತ್ತಿದ್ದ ಬಾಯ್ಲರುಗಳು ಇವುಗಳ ಆಸುಪಾಸಿನಲ್ಲಿ ಅನಿಲಕ್ಕೆ ಬದಲಾಗಲು ಅವಕಾಶ ಒದಗಿದೆ. ನೀರಿನ ಕೊಳವೆಯಲ್ಲಿ ಪಳಗಿದ ಪ್ಲಂಬರ್ ಅನಿಲದ ಕೆಲಸಕ್ಕೆ ತಾನಾಗಿಯೇ ಅರ್ಹನಾಗುವುದಿಲ್ಲ. ಪ್ರತ್ಯೇಕ ತರಬೇತಿ, ಅಧಿಕೃತ ಒಪ್ಪಿಗೆ ಬೇಕು.

ಇಂಗಾಲ ತಗ್ಗಿಸಲು ಹೈಡ್ರೋಜನ್ ಬೆರೆಸಿದ ಅನಿಲದ ಪ್ರಯೋಗಗಳೂ ನಡೆದಿವೆ. ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದ ಆವರಣದಲ್ಲಿ ಶೇ. 20ರವರೆಗೆ ಬೆರೆಸಿ ನೋಡಿದ್ದಾರೆ. ಭಾರತದಲ್ಲಿ 2022ರಲ್ಲಿ ಇಂದೋರಿನಲ್ಲಿ, 2023ರಲ್ಲಿ ಗುಜರಾತಿನ ಕವಾಸ್‌ನಲ್ಲಿ ಇಂಥ ಪ್ರಯೋಗ ಆರಂಭವಾಯಿತು. ಹೈಡ್ರೋಜನ್ ಅಣು ಚಿಕ್ಕದು, ಹೊತ್ತಿಕೊಳ್ಳುವ ಮಿತಿ ಶೇ. 4ರಿಂದ 75ರಷ್ಟು ವಿಶಾಲ. ಇದು ವ್ಯಾಪಕವಾದರೆ ಕೀಲು, ಸೀಲು, ಡಿಟೆಕ್ಟರುಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕಾಗುತ್ತದೆ.

ಅನಿಲದ ವಾಸನೆ ಬಂದರೆ ಸ್ವಿಚ್ ಹಾಕುವುದಾಗಲಿ ಆರಿಸುವುದಾಗಲಿ ಮಾಡದೆ, ಹೊರಗಿನ ಮುಖ್ಯ ವಾಲ್ವ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಬಂದ ಮೇಲೆಯೇ ಫೋನ್ ಮಾಡಬೇಕು. ಭಾರತದಲ್ಲಿ ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ 1906. ಬಾಯ್ಲರ್ ಹಾಕಿಸುವವರು ಕೆಲಸ ಮುಗಿದಾಗ ಸೋರಿಕೆ ಪರೀಕ್ಷೆಯ ಒತ್ತಡ, ಅವಧಿ, ಉಷ್ಣತೆ ಮತ್ತು ಪರೀಕ್ಷಿಸಿದವರ ಸಹಿ ಇರುವ ಹಾಳೆಯನ್ನು ಕೇಳಿ ಪಡೆಯಬೇಕು. ಅದಿಲ್ಲದೆ ಮುಖ್ಯ ವಾಲ್ವ್ ತೆರೆಯಲು ಒಪ್ಪಬಾರದು.